ಚೈನ್‌ಸಾ ರೇಸ್ ಕೊಟ್ಟ ಕೂಡಲೇ ನಿಲ್ಲುತ್ತದೆ, ಕೊಯ್ತ ಬಲಕ್ಕೆ ಓಡುತ್ತದೆ: ಯಂತ್ರ ಹೋಯಿತೇ?

ಮುಧೋಳ ತಾಲ್ಲೂಕಿನ ಓದುಗರೊಬ್ಬರು ಕೇಳಿದ್ದಾರೆ:

"ಹೊಲದ ಒಡ್ಡಿನ ಮ್ಯಾಲಿನ ಜಾಲಿ ಕಡದು ವರ್ಷದ ಉರುವಲ ಮಾಡ್ಕೊಳ್ಳಾಕ ಒಂದೂವರಿ ವರ್ಷದ ಹಿಂದ 58 ಸಿಸಿ, 22 ಇಂಚ್ ಬಾರಿನ ಪೆಟ್ರೋಲ್ ಚೈನ್‌ಸಾ ತಗೊಂಡೀನ್ರಿ. ಮೊದಲನೇ ಬ್ಯಾಸಗಿ ಭಾಳ ಚಲೋ ನಡೀತು. ಮಳಿಗಾಲದಾಗ ಅರ್ಧ ಟಾಕಿ ಪೆಟ್ರೋಲ್ ಇದ್ದಂಗ ಮೂಲ್ಯಾಗ ಇಟ್ಟಿದ್ದೆ. ಈಗ ಚೋಕ್ ಎಳದ್ರ ಚಾಲೂ ಆಗತೈತಿ, ರೇಸ್ ಕೊಟ್ಟ ಕೂಡ್ಲೆ ಬಂದ್ ಬೀಳತೈತಿ. ಮೇಸ್ತ್ರಿ ಕಾರ್ಬೊರೇಟರ್ ತೊಳದು, 'ಈಗಿನ ಪೆಟ್ರೋಲ್‌ದಾಗ ಎಥನಾಲ್ ಐತಿ, ಆಯಿಲ್ ಡಬಲ್ ಹಾಕ್ರಿ' ಅಂದ್ರು. ಲೀಟರಿಗೆ 40 ಎಂಎಲ್ ಹಾಕೋ ಕಡೆ 80 ಹಾಕಿದೆ. ಎರಡು ದಿನ ನಡದು ಮತ್ತ ಅದ ಹಾಡು. ಇನ್ನೊಬ್ರು ಸ್ವಲ್ಪ ಸೀಮಿ ಎಣ್ಣಿ ಬೆರಸ್ರಿ ಅಂತಾರ. ಇದರ ಮ್ಯಾಲ ಕೊಯ್ತ ಬಲಕ್ಕ ಓಡತೈತಿ, ಹಿಟ್ಟಿನಂಥಾ ಪುಡಿ ಬೀಳತೈತಿ, ಬಾರಿಂದ ಹೊಗಿ ಬರತೈತಿ. ಹೊಸ ಚೈನ್ ಹಾಕಿದ್ರೂ ಎಂಟು ದಿನದಾಗ ಅದ ಕತಿ. ಚೈನಿಗೆ ಟ್ರ್ಯಾಕ್ಟರ್‌ದ ಸುಟ್ಟ ಆಯಿಲ್ ಹಾಕ್ತೀನಿ. ಪಿಸ್ಟನ್ ಹೋಗೇತೇನು? ಮಾರಿ ಹೊಸಾದು ತಗೊಳ್ಳೋದು ಚಲೋನೋ, ಕರೆಂಟಿಂದು ತಗೊಳ್ಳೋದು ಚಲೋನೋ?"

ನಿಮ್ಮ ಗರಗಸಕ್ಕೆ ಎರಡು ಬೇರೆ ಬೇರೆ ಕಾಯಿಲೆಗಳಿವೆ. ರೇಸ್ ಕೊಟ್ಟರೆ ನಿಲ್ಲುವುದು ಪೆಟ್ರೋಲ್ ಬರುವ ದಾರಿಯ ಕಾಯಿಲೆ. ಬಲಕ್ಕೆ ಓಡುವ ಕೊಯ್ತ, ಹಿಟ್ಟಿನಂಥ ಪುಡಿ, ಹೊಗೆ ಇವು ಮೂರೂ ಚೈನು ಮತ್ತು ಅದು ಓಡುವ ಉದ್ದ ಪಟ್ಟಿ, ಅಂದರೆ ಬಾರಿನವು. ಕಾರ್ಬೊರೇಟರ್ ಎಷ್ಟು ತೊಳೆದರೂ ಕೊಯ್ತ ನೆಟ್ಟಗಾಗುವುದಿಲ್ಲ, ಎಷ್ಟು ಚೈನ್ ಬದಲಿಸಿದರೂ ಎಂಜಿನ್ ನಿಲ್ಲುವುದು ತಪ್ಪುವುದಿಲ್ಲ. ಆದರೆ ಒಂದು ಇನ್ನೊಂದನ್ನು ಕೆಡಿಸುತ್ತದೆ. ಚೈನ್ ಮೊಂಡಾದಾಗ ಮೈಭಾರ ಹಾಕಿ ಒತ್ತುತ್ತೀರಿ. ಪೂರ್ತಿ ರೇಸ್ ಕೊಟ್ಟಿದ್ದರೂ ಎಂಜಿನ್ನಿನ ಸುತ್ತು ಇಳಿಯುತ್ತದೆ, ಸುತ್ತು ಇಳಿದಷ್ಟೂ ಫ್ಯಾನಿನ ಗಾಳಿ ಕಡಿಮೆಯಾಗುತ್ತದೆ, ಬಿಸಿ ಏರುತ್ತದೆ. ಅದೇ ಹೊತ್ತಿನಲ್ಲಿ ಪೆಟ್ರೋಲೂ ಸಾಲದೆ ಬಂದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಆದ್ದರಿಂದ ಇನ್ನೊಂದು ಕಡ್ಡಿಯನ್ನೂ ಕೊಯ್ಯುವ ಮೊದಲು ಪಿಸ್ಟನ್ ನೋಡಿಕೊಳ್ಳಿ. ಹತ್ತು ನಿಮಿಷದ ಕೆಲಸ.

ಪಿಸ್ಟನ್ ನೋಡುವುದು ಹೇಗೆ

ಎಂಜಿನ್ ತಣ್ಣಗಿರಲಿ, ಸ್ವಿಚ್ ಬಂದ್ ಇರಲಿ, ಪ್ಲಗ್ಗಿನ ಕ್ಯಾಪ್ ಕಿತ್ತಿಡಿ. ಸೈಲೆನ್ಸರಿನ ಬೋಲ್ಟ್ ಬಿಚ್ಚಿ ತೆಗೆದರೆ ಹೊಗೆ ಹೋಗುವ ಕಿಂಡಿ ಕಾಣುತ್ತದೆ. ಸ್ಟಾರ್ಟರ್ ಹಗ್ಗವನ್ನು ನಿಧಾನ ಎಳೆಯುತ್ತ, ಬ್ಯಾಟರಿಯ ಬೆಳಕು ಬಿಟ್ಟು ಕಿಂಡಿಯೊಳಗೆ ಪಿಸ್ಟನ್ನಿನ ಮೈ ನೋಡಿ. ಮೈ ನುಣ್ಣಗೆ ಬೂದುಬಣ್ಣದಲ್ಲಿದ್ದು, ರಿಂಗ್ ತನ್ನ ತೋಡಿನಲ್ಲಿ ಸಡಿಲವಾಗಿ ಅಲುಗಾಡುತ್ತಿದ್ದರೆ ಪಿಸ್ಟನ್ ಉಳಿದಿದೆ. ಮೇಲಿಂದ ಕೆಳಗೆ ಉದ್ದುದ್ದ ಗೀರು ಬಿದ್ದಿದ್ದರೆ, ರಿಂಗ್ ಅಂಟಿಕೊಂಡಿದ್ದರೆ ಏಟು ಬಿದ್ದಿದೆ. ಗೀರು ಸೈಲೆನ್ಸರ್ ಬದಿಯಲ್ಲಿ ಮಾತ್ರ ಇದ್ದರೆ ಪೆಟ್ರೋಲ್ ಅಥವಾ ಆಯಿಲ್ ಸಾಲದೆ ಕಾದು ಆದದ್ದು. ಕಾರ್ಬೊರೇಟರ್ ಬದಿಯಲ್ಲಿದ್ದರೆ ಏರ್ ಫಿಲ್ಟರ್ ದಾಟಿ ಧೂಳು ಒಳಗೆ ಹೋಗಿದೆ. ನಮ್ಮ ಎರಿಮಣ್ಣಿನ ಧೂಳು ಹಿಟ್ಟಿಗಿಂತ ನುಣುಪು, ಹರಿದ ಫಿಲ್ಟರಿನಲ್ಲಿ ನಿಲ್ಲುವುದೇ ಇಲ್ಲ.

ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗೆ ಪಿಸ್ಟನ್ ಕಟ್ಟುವ ಒತ್ತಡ, ಅಳೆಯಲು ಗೇಜ್ ಇಲ್ಲದಿದ್ದರೆ ಸೈಲೆನ್ಸರ್, ಪ್ಲಗ್ ಎರಡೂ ಬಿಗಿದು, ಬಾರಿಗೆ ಕವರ್ ಹಾಕಿ, ಸ್ಟಾರ್ಟರ್ ಹಗ್ಗದ ಹಿಡಿಯನ್ನು ಹಿಡಿದು ಗರಗಸವನ್ನು ನೆಲದಿಂದ ಸ್ವಲ್ಪ ಮೇಲೆ ತೂಗಬಿಡಿ. ತಡೆದು ತಡೆದು, ಮೆಟ್ಟಿಲು ಇಳಿದ ಹಾಗೆ ಕೆಳಗೆ ಬಂದರೆ ಕಂಪ್ರೆಶನ್ ಇದೆ. ಬಾವಿಗೆ ಬಿಟ್ಟ ಕೊಡದ ಹಾಗೆ ಸರ್ರನೆ ಇಳಿದರೆ ಇಲ್ಲ. ಗೇಜ್ ಸಿಕ್ಕರೆ, 120 ಪಿಎಸ್ಐ ಮೇಲಿದ್ದರೆ ಚಿಂತೆಯಿಲ್ಲ. 90ಕ್ಕಿಂತ ಕೆಳಗಿದ್ದರೆ ಬಿಸಿಯಾದ ಮೇಲೆ ಚಾಲೂ ಮಾಡುವುದೇ ಕಷ್ಟ. ನಿಮ್ಮದು ಚೋಕ್ ಎಳೆದರೆ ಚಾಲೂ ಆಗುತ್ತಿದೆಯೆಂದರೆ ಕಂಪ್ರೆಶನ್ ಬಹುತೇಕ ಉಳಿದಿದೆ.

ಒಂದು ವೇಳೆ ಪಿಸ್ಟನ್ ಹೋಗಿದ್ದರೆ ಸಿಲಿಂಡರನ್ನು ಬೋರ್ ಮಾಡಿಸಲು ಹೋಗಬೇಡಿ. ಬೆಳಗಾವಿಯ ಉದ್ಯಮಬಾಗದಂಥ ಕಡೆ ಡೀಸೆಲ್ ಎಂಜಿನ್ನಿನ ಬೀಡಿನ ಸ್ಲೀವನ್ನು ಅಚ್ಚುಕಟ್ಟಾಗಿ ಬೋರ್ ಮಾಡುವ ಕೈಗಳಿವೆ, ನಿಜ. ಆದರೆ ಚೈನ್‌ಸಾ ಸಿಲಿಂಡರ್ ಅಲ್ಯೂಮಿನಿಯಂನದು, ಒಳಮೈಗೆ ಕ್ರೋಮ್ ಅಥವಾ ನಿಕ್ಕಲ್ಲಿನ ತೆಳು ಲೇಪ ಮಾತ್ರ ಇರುತ್ತದೆ. ಬೋರ್ ಮಾಡಿದರೆ ಆ ಲೇಪವೇ ಹೋಗಿ, ಮೆದು ಲೋಹದ ಮೇಲೆ ರಿಂಗ್ ಓಡಬೇಕಾಗುತ್ತದೆ. ಪಿಸ್ಟನ್, ರಿಂಗ್, ಸಿಲಿಂಡರ್ ಕೂಡಿದ ಕಿಟ್ ಸಿಗುತ್ತದೆ, ಅದನ್ನೇ ಹಾಕಿಸಿ.

ಎಥನಾಲ್ ವಿಷವಲ್ಲ, ತಿಂಗಳುಗಟ್ಟಲೆ ನಿಂತ ಎಥನಾಲ್ ವಿಷ

ನಿಮ್ಮ ಮೇಸ್ತ್ರಿ ಹೇಳಿದ್ದರಲ್ಲಿ ಅರ್ಧ ಸತ್ಯವಿದೆ. 2025ರ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಎಥನಾಲ್ ಪಾಲು ಶೇ 20ಕ್ಕೆ ಬಂದಿದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಸಕ್ಕರೆ ಕಾರ್ಖಾನೆಗಳು ತೆಗೆಯುವ ಎಥನಾಲೂ ಅದರಲ್ಲಿದೆ. ನಿಮ್ಮ ಊರಿನ ಕಬ್ಬೇ ಒಂದು ಸುತ್ತು ಹಾಕಿ ನಿಮ್ಮ ಟಾಕಿಗೆ ಬಂದಿರಬಹುದು. ಬಹಳಷ್ಟು ಚೈನ್‌ಸಾಗಳ ಕೈಪಿಡಿ ಶೇ 10ರವರೆಗೆ ಎಥನಾಲ್ ನಡೆಯುತ್ತದೆ ಅನ್ನುತ್ತದೆ. ಪಂಪಿನಲ್ಲಿ ಸಿಗುವುದು ಅದರ ಇಮ್ಮಡಿ.

ಇದರಿಂದ ಮೂರು ತೊಂದರೆಗಳಿವೆ, ಮೂರನ್ನೂ ಬೇರೆ ಬೇರೆಯಾಗಿ ತಿಳಿಯಬೇಕು.

ಒಂದು, ಎಥನಾಲ್ ಉರಿಯಲು ಗಾಳಿ ಕಡಿಮೆ ಸಾಕು. ಒಂದು ಕಿಲೋ ಅಪ್ಪಟ ಪೆಟ್ರೋಲಿಗೆ 14.7 ಕಿಲೋ ಗಾಳಿ ಬೇಕಾದರೆ ಎಥನಾಲಿಗೆ 9 ಕಿಲೋ. ಅಪ್ಪಟ ಪೆಟ್ರೋಲಿಗೆ ಹೊಂದಿಸಿದ ಕಾರ್ಬೊರೇಟರಿನಲ್ಲಿ ಶೇ 20ರ ಮಿಶ್ರಣ ಓಡಿಸಿದರೆ, ಬೇಕಾದುದಕ್ಕಿಂತ ಶೇ 8ರ ಹತ್ತಿರ ಗಾಳಿ ಹೆಚ್ಚಾಗುತ್ತದೆ. ಮೇಸ್ತ್ರಿಗಳು 'ಲೀನ್' ಅನ್ನುವುದು ಇದನ್ನೇ. ಲೀನ್ ಆದ ಎಂಜಿನ್ ಬಿಸಿಯಾಗುತ್ತದೆ. ಪೂರ್ತಿ ರೇಸ್‌ನಲ್ಲಿ ಎಷ್ಟು ಪೆಟ್ರೋಲ್ ಬರಬೇಕೆಂದು ಹೊಂದಿಸುವ ಕಾರ್ಬೊರೇಟರಿನ ಎಚ್ ಸ್ಕ್ರೂ ಅನ್ನು ಒಂದು ಸುತ್ತಿನ ಎಂಟನೇ ಒಂದು ಪಾಲು ಬಿಚ್ಚಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಎರಡು, ಎಥನಾಲ್ ರಬ್ಬರನ್ನು ಮೆತ್ತಗಾಗಿಸುತ್ತದೆ, ಉಬ್ಬಿಸುತ್ತದೆ. ಒಣಗಿದ ಮೇಲೆ ಅದೇ ರಬ್ಬರ್ ಸೆಟೆದು ಬಿರುಕು ಬಿಡುತ್ತದೆ. ಟಾಕಿಯೊಳಗಿನ ಪೈಪು, ಚಾಲೂ ಮಾಡುವ ಮೊದಲು ಒತ್ತುವ ಪ್ರೈಮರ್ ಗುಂಡಿ, ಕಾರ್ಬೊರೇಟರಿನ ತೆಳು ಪೊರೆಯಂಥ ಡಯಾಫ್ರಮ್ ಕೆಡುವುದು ಹೀಗೆ.

ಮೂರನೆಯದೇ ನಿಮ್ಮ ವಿಷಯದಲ್ಲಿ ಮುಖ್ಯ. ಎಥನಾಲ್ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಅರ್ಧ ಟಾಕಿ ಖಾಲಿ ಇದ್ದಲ್ಲಿ ಹಗಲು ರಾತ್ರಿಯ ಬಿಸಿಲು ತಂಪಿಗೆ ಗಾಳಿ ಒಳಗೆ ಹೊರಗೆ ಆಡುತ್ತದೆ, ಮಳೆಗಾಲದ ಗಾಳಿಯಲ್ಲಿ ತೇವ ಹೇರಳ. ನೀರು ಒಂದು ಮಿತಿ ಮೀರಿತೆಂದರೆ ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಸಂಗಡ ತಳಕ್ಕೆ ಇಳಿಯುತ್ತದೆ. ನೀವು ಹಾಕಿದ 2ಟಿ ಆಯಿಲ್ ಮಾತ್ರ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಪೆಟ್ರೋಲ್ ಹೀರುವ ಪೈಪಿನ ತುದಿಯ ಫಿಲ್ಟರ್ ಭಾರವಾಗಿದ್ದು, ಗರಗಸ ಹೇಗೆ ಹಿಡಿದರೂ ತಳದಲ್ಲೇ ಬೀಳುತ್ತದೆ. ಅಂದರೆ ಎಂಜಿನ್ ಮೊದಲು ಕುಡಿಯುವುದೇ ಆಯಿಲ್ ಇಲ್ಲದ, ನೀರು ಬೆರೆತ ಸ್ಪಿರಿಟ್. ಲೀಟರಿಗೆ 40 ಅಲ್ಲ, 100 ಎಂಎಲ್ ಆಯಿಲ್ ಹಾಕಿದ್ದರೂ ಅದು ಪಿಸ್ಟನ್ನಿಗೆ ತಲುಪುತ್ತಿರಲಿಲ್ಲ.

ಪರೀಕ್ಷೆ ಸುಲಭ. ಟಾಕಿಯ ಹಳೆಯ ಪೆಟ್ರೋಲನ್ನು ಗಾಜಿನ ಬಾಟಲಿಗೆ ಬಗ್ಗಿಸಿ ನೆರಳಿನಲ್ಲಿ ಒಂದು ತಾಸು ಇಡಿ. ಎರಡು ಪದರ ಕಂಡರೆ, ಮಬ್ಬು ಕಂಡರೆ, ವಾರ್ನಿಶ್ ವಾಸನೆ ಬಂದರೆ ಅದನ್ನು ಮತ್ತೆ ಯಾವ ಎಂಜಿನ್ನಿಗೂ ಹಾಕಬೇಡಿ. ಕೆಲವರು ಪೆಟ್ರೋಲಿಗೆ ಬೇಕೆಂದೇ ನೀರು ಹಾಕಿ ಅಲುಗಿಸಿ, ಕೆಳಗಿಳಿದ ಎಥನಾಲನ್ನು ಬಿಟ್ಟು ಮೇಲಿನದನ್ನು ಬಳಸುತ್ತಾರೆ. ಎಥನಾಲ್ ಹೋದರೆ ಆಕ್ಟೇನ್, ಅಂದರೆ ಒತ್ತಡದಲ್ಲಿ ಹೊತ್ತಿಗೆ ಮೊದಲೇ ಹೊತ್ತಿಕೊಳ್ಳದ ಗುಣ, ಇಳಿಯುತ್ತದೆ, ಉಳಿದ ಪೆಟ್ರೋಲಿನಲ್ಲಿ ನೀರಿನ ಹನಿ ಇರುತ್ತವೆ, ಮಾಡುವಾಗ ಏಳುವ ಆವಿಗೆ ಒಂದು ಕಿಡಿ ಸಾಕು. ಅದು ಬೇಡ. ತಾಜಾ ತಂದು ತಾಜಾ ಮುಗಿಸುವುದೇ ದಾರಿ.

ಡಬಲ್ ಆಯಿಲ್, ಸೀಮೆಎಣ್ಣೆ

ಆಯಿಲ್ ಹೆಚ್ಚಾದಷ್ಟೂ ಎಂಜಿನ್ನಿಗೆ ಒಳ್ಳೆಯದು ಎಂಬ ನಂಬಿಕೆ ಬಹಳ ಗಟ್ಟಿ. ಲೀಟರಿಗೆ 80 ಎಂಎಲ್ ಅಂದರೆ 1:12.5 ಪ್ರಮಾಣ. ಕಾರ್ಬೊರೇಟರಿನ ತೂತು ಎಷ್ಟಿದೆಯೋ ಅಷ್ಟೇ ಇದೆ. ಅದರಲ್ಲಿ ಹಾಯುವ ಮಿಶ್ರಣದಲ್ಲಿ ಆಯಿಲ್ ಪಾಲು ಏರಿದಷ್ಟು ಪೆಟ್ರೋಲ್ ಪಾಲು ಇಳಿಯುತ್ತದೆ, ಮಿಶ್ರಣ ಗಟ್ಟಿಯಾಗಿ ನಿಧಾನ ಹರಿಯುತ್ತದೆ. ಎಥನಾಲಿನಿಂದ ಲೀನ್ ಆಗಿದ್ದ ಎಂಜಿನ್ ಇನ್ನಷ್ಟು ಲೀನ್ ಆಗುತ್ತದೆ. ಉರಿಯದ ಆಯಿಲ್ ಹೊಗೆಕಿಂಡಿಯಲ್ಲಿ, ಸೈಲೆನ್ಸರಿನ ಜಾಲರಿಯಲ್ಲಿ ಮಸಿಯಾಗಿ ಕಟ್ಟುತ್ತದೆ, ಪ್ಲಗ್ ಒದ್ದೆಯಾಗುತ್ತದೆ. ಎರಡು ದಿನ ನಡೆದದ್ದು ಆಯಿಲಿನಿಂದಲ್ಲ. ಹೊಸ ಪೆಟ್ರೋಲ್ ಹಾಕಿದಿರಿ, ಕಾರ್ಬೊರೇಟರ್ ತೊಳೆದಿತ್ತು, ಅದಕ್ಕೇ ನಡೆಯಿತು. ಹಳೆಯ ಪೈಪು, ಫಿಲ್ಟರ್ ಹಾಗೇ ಉಳಿದಿದ್ದರಿಂದ ಅವುಗಳ ಕಸ ಮತ್ತೆ ಬಂದು ಕೂತಿರಬೇಕು.

ಡಬ್ಬಿಯ ಮೇಲೆ ಜಾಸೋ ಎಫ್‌ಡಿ ಎಂಬ ಜಪಾನಿ ದರ್ಜೆಯ ಗುರುತಿರುವ ಒಳ್ಳೆಯ 2ಟಿ ಆಯಿಲ್ ಆದರೆ ಲೀಟರಿಗೆ 25 ಎಂಎಲ್, ಅಂದರೆ 1:40. ಎಫ್‌ಬಿ ದರ್ಜೆಯ ಸಾದಾ 2ಟಿ ಆದರೆ 40 ಎಂಎಲ್, ಅಂದರೆ 1:25. ನಿಮ್ಮ ಕೈಪಿಡಿಯಲ್ಲಿ ಬೇರೆ ಇದ್ದರೆ ಕೈಪಿಡಿಯದೇ ನಡೆಯಲಿ. ಔಷಧಿ ಅಂಗಡಿಯ 20 ಎಂಎಲ್ ಸಿರಿಂಜ್ ಒಂದನ್ನು ಇದಕ್ಕೇ ಮೀಸಲಿಡಿ, ಮುಚ್ಚಳದ ಅಂದಾಜು ಬಿಡಿ. ಅರ್ಧ ಲೀಟರ್ ಪೆಟ್ರೋಲಿಗೆ ಆಯಿಲ್ ಹಾಕಿ ಅಲುಗಿಸಿ, ಆಮೇಲೆ ಉಳಿದರ್ಧ ಹಾಕಿ ಮತ್ತೆ ಅಲುಗಿಸಿ. ಒಂದು ಸಲಕ್ಕೆ ಒಂದೇ ಲೀಟರ್ ಕಲಸಿ, ಮೂರು ನಾಲ್ಕು ವಾರದಲ್ಲಿ ಮುಗಿಸಿ. ಬೈಕಿನ 20ಡಬ್ಲ್ಯು-40 ಆಯಿಲನ್ನು ಪೆಟ್ರೋಲಿಗೆ ಬೆರೆಸಬೇಡಿ. ಅದು ಉರಿಯಲೆಂದು ಮಾಡಿದ್ದಲ್ಲ, ಬೂದಿ ಬಿಡುತ್ತದೆ. ದೋಣಿ ಎಂಜಿನ್ನಿನ 2ಟಿ ಆಯಿಲೂ ಬೇಡ, ಅದು ನೀರಿನಿಂದ ತಣಿಯುವ ಎಂಜಿನ್ನಿಗೆ.

ಸೀಮೆಎಣ್ಣೆ ಬೇಡವೇ ಬೇಡ. ಅದರ ಆಕ್ಟೇನ್ ತೀರ ಕಡಿಮೆ, ಪಿಸ್ಟನ್ ಮೇಲೆ ಬರುವ ಮೊದಲೇ ಹೊತ್ತಿಕೊಂಡು ಒಳಗೆ ಸುತ್ತಿಗೆಯ ಏಟು ಹಾಕಿದಂತಾಗುತ್ತದೆ. ಹಳೆಯ ಸೀಮೆಎಣ್ಣೆ ಪಂಪ್‌ಸೆಟ್ಟುಗಳನ್ನು ಕಂಡವರು ಈ ಸಲಹೆ ಕೊಡುತ್ತಾರೆ. ಆ ಎಂಜಿನ್ನುಗಳ ಕಂಪ್ರೆಶನ್ ಅದಕ್ಕೆಂದೇ ಕಡಿಮೆ ಇಟ್ಟಿರುತ್ತಿದ್ದರು.

ರೇಸ್ ಕೊಟ್ಟರೆ ಏಕೆ ನಿಲ್ಲುತ್ತದೆ

ಚೋಕ್ ಎಳೆದಾಗ ಗಾಳಿ ಕಡಿಮೆಯಾಗುತ್ತದೆ, ಬರುವ ಚೂರು ಪೆಟ್ರೋಲೇ ಸಾಕಾಗುತ್ತದೆ. ರೇಸ್ ಕೊಟ್ಟಾಗ ಗಾಳಿ ಒಮ್ಮೆಲೇ ನುಗ್ಗುತ್ತದೆ, ಅದಕ್ಕೆ ತಕ್ಕ ಪೆಟ್ರೋಲ್ ಬರದೆ ಎಂಜಿನ್ ಸಾಯುತ್ತದೆ. ಪೆಟ್ರೋಲನ್ನು ತಡೆಯುತ್ತಿರುವುದು ಏನು ಎಂದು ಟಾಕಿಯಿಂದ ಶುರುಮಾಡಿ ಕಾರ್ಬೊರೇಟರ್ ಕಡೆಗೆ ನೋಡುತ್ತ ಹೋಗಿ. ಬಹಳ ಜನ ತಿರುಗಾಮುರುಗಾ ಮಾಡಿ, ಮೊದಲು ಕಾರ್ಬೊರೇಟರ್ ಬಿಚ್ಚುತ್ತಾರೆ.

ಎಂಜಿನ್ ನಿಂತು ತಣಿದ ಮೇಲೆ ಪೆಟ್ರೋಲ್ ಮುಚ್ಚಳವನ್ನು ಸ್ವಲ್ಪ ಸಡಿಲಿಸಿ, ಓಡುತ್ತಿರುವಾಗ ಬೇಡ. ಸುಯ್ ಎಂದು ಗಾಳಿ ಒಳಗೆ ಹೋಗಿ, ಮುಚ್ಚಳ ಬಿಗಿದು ಮತ್ತೆ ಚಾಲೂ ಮಾಡಿದಾಗ ಎಂಜಿನ್ ಸ್ವಲ್ಪ ಹೊತ್ತು ಚೇತರಿಸಿಕೊಂಡರೆ ಟಾಕಿಯ ಉಸಿರುಗಿಂಡಿ ಕಟ್ಟಿದೆ, ಅಷ್ಟೇ. ಅಲ್ಲವಾದರೆ ತಂತಿಯ ಕೊಕ್ಕೆಯಿಂದ ಟಾಕಿಯ ಫಿಲ್ಟರನ್ನು ಹೊರಗೆಳೆದು ಹೊಸದು ಹಾಕಿ. ಪೈಪನ್ನು ಹಿಗ್ಗಿಸಿ, ಬಗ್ಗಿಸಿ ನೋಡಿ. ಕಣ್ಣಿಗೆ ಕಾಣದ ಸೂಜಿಯಷ್ಟು ಬಿರುಕಿದ್ದರೂ ಪೆಟ್ರೋಲಿನ ಬದಲು ಗಾಳಿ ಹೀರುತ್ತದೆ. ಒಂದೂವರೆ ವರ್ಷದ ಪೈಪು ಆದ್ದರಿಂದ ನೋಡುತ್ತ ಕೂರುವುದಕ್ಕಿಂತ ಬದಲಿಸುವುದೇ ಲೇಸು. ಪ್ರೈಮರ್ ಗುಂಡಿ ಗಟ್ಟಿಯಾಗಿದ್ದರೆ ಅದನ್ನೂ ಬದಲಿಸಿ.

ಆಮೇಲೆ ಕಾರ್ಬೊರೇಟರ್. ಇದರಲ್ಲಿ ಬೈಕಿನಂತೆ ಫ್ಲೋಟ್ ಇರುವುದಿಲ್ಲ, ಗರಗಸವನ್ನು ಅಡ್ಡ ಉಲ್ಟಾ ಹಿಡಿದರೂ ನಡೆಯಬೇಕಲ್ಲ. ಎರಡು ತೆಳು ಡಯಾಫ್ರಮ್ ಆ ಕೆಲಸ ಮಾಡುತ್ತವೆ. ಹೊಸ ಡಯಾಫ್ರಮ್ ಹಸಿ ವೀಳ್ಯದೆಲೆಯ ಹಾಗೆ ಮೆತ್ತಗಿರುತ್ತದೆ. ಕೆಟ್ಟದ್ದು ಒಣಗಿದ ಎಲೆಯ ಹಾಗೆ, ಬೆರಳಿನಿಂದ ಒತ್ತಿದರೆ ಸದ್ದು ಮಾಡುತ್ತದೆ. ಡಯಾಫ್ರಮ್, ಪ್ಯಾಕಿಂಗ್, ಸೂಜಿ ಕೂಡಿದ ರಿಪೇರಿ ಕಿಟ್ ಸಿಗುತ್ತದೆ. ಬಿಚ್ಚುವಾಗ ಪ್ಯಾಕಿಂಗ್ ಮೊದಲೋ ಡಯಾಫ್ರಮ್ ಮೊದಲೋ ಎಂದು ಫೋನಿನಲ್ಲಿ ಫೋಟೊ ತೆಗೆದಿಡಿ, ಅದಲುಬದಲಾದರೆ ನಡೆಯುವುದಿಲ್ಲ. ಸೂಜಿ ಎತ್ತುವ ಸಣ್ಣ ಲಿವರ್ ಮೊದಲು ಎಷ್ಟು ಎತ್ತರವಿತ್ತೋ ಅಷ್ಟೇ ಇರಲಿ. ಒಳಗಿನ ಬೆರಳುಗುರಿನಷ್ಟು ಜಾಲರಿಯನ್ನು ತೊಳೆಯಿರಿ. ತೂತುಗಳಿಗೆ ತಂತಿ ಚುಚ್ಚಬೇಡಿ, ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿಯನ್ನು ಹತ್ತಿರದಿಂದ ಬಿಡಬೇಡಿ. ನಳಿಕೆಯೊಳಗಿನ ಒಮ್ಮುಖ ವಾಲ್ವ್ ಹಾರಿಹೋಗುತ್ತದೆ, ಆಮೇಲೆ ಇಡೀ ಕಾರ್ಬೊರೇಟರ್ ಬದಲಿಸಬೇಕು.

ಜೋಡಿಸಿದ ಮೇಲೆ ಎಲ್ ಮತ್ತು ಎಚ್ ಸ್ಕ್ರೂಗಳನ್ನು ಮೆಲ್ಲಗೆ ತಳಮುಟ್ಟ ತಿರುಗಿಸಿ, ಅಲ್ಲಿಂದ ಒಂದೂಕಾಲು ಸುತ್ತು ಬಿಚ್ಚಿ ಚಾಲೂ ಮಾಡಿ. ಎಂಜಿನ್ ಬಿಸಿಯಾದ ಮೇಲೆ, ಕಡಿಮೆ ರೇಸ್‌ನ ಪೆಟ್ರೋಲನ್ನು ಹೊಂದಿಸುವ ಎಲ್ ಸ್ಕ್ರೂ ಅನ್ನು, ರೇಸ್ ಕೊಟ್ಟಾಗ ತಡವರಿಸದೆ ಏಳುವ ಜಾಗದಲ್ಲಿ ನಿಲ್ಲಿಸಿ. ರೇಸ್ ಬಿಟ್ಟ ನಿಧಾನದಲ್ಲೂ ಚೈನ್ ತಿರುಗುತ್ತಿದ್ದರೆ, ನಿಧಾನದ ಸುತ್ತನ್ನು ಹೊಂದಿಸುವ ಟಿ ಸ್ಕ್ರೂ ಬಿಚ್ಚಿ. ಎಚ್ ಸ್ಕ್ರೂವಿಗೆ ಕಿವಿಯೇ ಅಳತೆ. ಖಾಲಿ ಪೂರ್ತಿ ರೇಸ್‌ನಲ್ಲಿ ಎರಡು ಮೂರು ಸೆಕೆಂಡ್ ಮಾತ್ರ ಹಿಡಿಯಿರಿ. ದನಿ ಸ್ವಲ್ಪ ಒಡಕಾಗಿರಬೇಕು, ಕಟ್ಟಿಗೆಗೆ ಚೈನ್ ತಾಗಿದ ಕೂಡಲೇ ತಿಳಿಯಾಗಬೇಕು. ಖಾಲಿಯಲ್ಲೇ ದನಿ ಸೀಟಿ ಹೊಡೆದ ಹಾಗೆ ಚೂಪಾಗಿದ್ದರೆ ಲೀನ್ ಆಗಿದೆ, ಬಿಚ್ಚಬೇಕು. ಸ್ಕ್ರೂ ಬಿಗಿದಷ್ಟೂ ಗರಗಸ ಜೋರಾದಂತೆ ಕಾಣುತ್ತದೆ, ಆ ಜೋರಿಗೆ ಮರುಳಾಗಿ ಬಿಗಿದವರ ಪಿಸ್ಟನ್ನೇ ಹೆಚ್ಚಾಗಿ ವರ್ಕ್‌ಶಾಪಿನ ಮೇಜಿಗೆ ಬರುವುದು. ಇಷ್ಟೆಲ್ಲ ಮಾಡಿದರೂ ರೇಸ್ ಬಿಟ್ಟ ಮೇಲೆ ಸುತ್ತು ತಾನಾಗಿ ಇಳಿಯದಿದ್ದರೆ, ಏರಿಳಿಯುತ್ತಿದ್ದರೆ ಕಾರ್ಬೊರೇಟರಿನ ಹಿಂದಿನ ರಬ್ಬರ್ ಬೂಟ್ ಅಥವಾ ಕ್ರ್ಯಾಂಕಿನ ಸೀಲ್ ಗಾಳಿ ಎಳೆಯುತ್ತಿದೆ. ಅದನ್ನು ತಿಳಿದವರ ಕೈಗೆ ಕೊಡಿ, ಹಾಗೇ ಓಡಿಸಬೇಡಿ.

ಕೊಯ್ತ ಬಲಕ್ಕೆ ಓಡುವುದು

ಹರಿತ ಚೈನಿನಿಂದ ಚಕ್ಕೆ ಬೀಳುತ್ತದೆ, ಮೊಂಡು ಚೈನಿನಿಂದ ಹಿಟ್ಟು ಬೀಳುತ್ತದೆ. ಒಣಗಿದ ಕರಿಜಾಲಿಯಲ್ಲಿ ಚಕ್ಕೆ ಸಣ್ಣದೇ, ಆದರೂ ಬೆರಳಲ್ಲಿ ತಿಕ್ಕಿದರೆ ಸಿಗುವಷ್ಟಿರುತ್ತದೆ. ಹಿಟ್ಟು ಬಿದ್ದ ಗಳಿಗೆಯೇ ಕೆಲಸ ನಿಲ್ಲಿಸಿ ಚೈನ್ ಮಸೆಯಬೇಕು, ಒತ್ತಬಾರದು. ಎಂಟು ದಿನ ನಡೆಯಿತು ಅನ್ನುತ್ತೀರಿ, ಜಾಲಿಯಲ್ಲಿ ಮಸೆಯದೆ ಎಂಟು ದಿನ ಯಾವ ಚೈನೂ ನಡೆಯಲಾರದು. ಒಂದು ಟಾಕಿ, ಹೆಚ್ಚೆಂದರೆ ಎರಡು ಟಾಕಿಗೊಮ್ಮೆ ಅರ ಆಡಿಸಲೇಬೇಕು. ಒಡ್ಡಿನ ಜಾಲಿಯ ಬುಡದ ತೊಗಟೆಯಲ್ಲಿ ಮಣ್ಣು, ಮರಳು ಸೇರಿರುತ್ತದೆ, ಹಳೆಯ ಬೇಲಿಯ ತಂತಿ, ಮೊಳೆಗಳನ್ನೂ ಗಿಡ ನುಂಗಿರುತ್ತದೆ. ಕೊಯ್ಯುವ ಜಾಗದ ತೊಗಟೆಯನ್ನು ಕೊಡಲಿಯಿಂದ ಕೆತ್ತಿ ತೆಗೆಯಿರಿ. ಬಿದ್ದ ಬೊಡ್ಡೆಯ ಕೆಳಗೆ ಒಂದು ತುಂಡು ಕೊಟ್ಟು ಎತ್ತರಿಸಿ. ಚೈನಿನ ತುದಿ ಒಂದು ಸಲ ನೆಲಕ್ಕೆ ತಾಗಿದರೆ ಸಾಕು, ಮಸೆದದ್ದೆಲ್ಲ ಹೋಯಿತು.

ಚೈನ್ ಎಳೆಯುವುದು ಹರಿತ ಇರುವ ಬದಿಗೆ. ಬಲಕ್ಕೆ ಓಡುತ್ತಿದ್ದರೆ ಬಲಬದಿಯ ಹಲ್ಲುಗಳು ಚೂಪಾಗಿ ಉದ್ದವಾಗಿವೆ, ಎಡಬದಿಯವು ಮೊಂಡಾಗಿ ಗಿಡ್ಡವಾಗಿವೆ. ಮಸೆಯುವಾಗ ಒಂದು ಬದಿಗೆ ಕೈ ಚೆನ್ನಾಗಿ ಆಡುತ್ತದೆ, ಇನ್ನೊಂದಕ್ಕೆ ಆಡುವುದಿಲ್ಲ. ಎಲ್ಲರಲ್ಲೂ ಇರುವ ಕೊರತೆ ಇದು.

ನಿಮ್ಮಂಥ 22 ಇಂಚಿನ ಬಾರಿಗೆ ಸಾಮಾನ್ಯವಾಗಿ .325 ಇಂಚ್ ಪಿಚ್ (ಕೊಂಡಿಗಳ ಅಂತರ), .058 ಇಂಚ್ ಗೇಜ್ (ಬಾರಿನ ಕಾಲುವೆಯಲ್ಲಿ ಓಡುವ ಕೊಂಡಿಯ ದಪ್ಪ), 86 ಕೊಂಡಿಯ ಚೈನ್ ಬರುತ್ತದೆ. ಬಾರಿನ ಬುಡದಲ್ಲಿ ಒತ್ತಿರುವ ಅಂಕಿ ನೋಡಿ ಖಚಿತ ಮಾಡಿಕೊಳ್ಳಿ. ಇದಕ್ಕೆ 4.8 ಎಂಎಂ ದುಂಡು ಅರ ಬೇಕು. ಅಂಗಡಿಯಲ್ಲಿ ರೌಂಡ್ ಫೈಲ್ ಅನ್ನಿ, ಅಳತೆ ಹೇಳದೆ ತರಬೇಡಿ. ಬಾರನ್ನು ವೈಸಿನಲ್ಲಿ ಕಚ್ಚಿಸಿ. ಹಲ್ಲಿನ ಮೇಲೆ ಕೊರೆದಿರುವ ಗೆರೆಗೆ ಸಮನಾಗಿ, 30 ಡಿಗ್ರಿ ಓರೆಯಲ್ಲಿ, ಹಲ್ಲಿನ ಒಳಗಿನಿಂದ ಹೊರಕ್ಕೆ ಮಾತ್ರ ಅರ ನೂಕಿ, ಹಿಂದಕ್ಕೆ ತರುವಾಗ ಎತ್ತಿಕೊಳ್ಳಿ. ಅರದ ದಪ್ಪದ ಐದರಲ್ಲಿ ಒಂದು ಪಾಲು ಹಲ್ಲಿನ ಮೇಲ್ಮೈಗಿಂತ ಮೇಲಿರಬೇಕು. ಮೂರು ನಾಲ್ಕು ಸಲ ನೂಕಿದರೆ ಸಾಕು. ಒಂದು ಬದಿಯ ಹಲ್ಲೆಲ್ಲ ಮುಗಿಸಿ, ಬಾರನ್ನು ತಿರುಗಿಸಿ ಕಚ್ಚಿಸಿ ಇನ್ನೊಂದು ಬದಿ. ಎಲ್ಲಕ್ಕಿಂತ ಗಿಡ್ಡ ಹಲ್ಲು ಯಾವುದು ಹುಡುಕಿ, ಉಳಿದ ನಲವತ್ತಕ್ಕೂ ಹೆಚ್ಚು ಹಲ್ಲುಗಳನ್ನು ಅದರ ಉದ್ದಕ್ಕೇ ತನ್ನಿ. ಮೊದಲ ಸಲ ತಾಸು ಹಿಡಿಯುತ್ತದೆ, ಆದರೆ ಕೊಯ್ತ ನೆಟ್ಟಗಾಗುವುದು ಇದರಿಂದಲೇ.

ಪ್ರತಿ ಹಲ್ಲಿನ ಮುಂದೆ ಒಂದು ಗುಬ್ಬಿ ಇದೆ. ಹಲ್ಲು ಕಟ್ಟಿಗೆಯೊಳಗೆ ಎಷ್ಟು ಆಳ ಕಚ್ಚಬೇಕೆಂದು ಹೇಳುವುದು ಅದು. ಹಲ್ಲು ಸವೆದಂತೆ ಗುಬ್ಬಿ ಎತ್ತರವಾಗಿ, ಎಷ್ಟು ಹರಿತವಿದ್ದರೂ ಚೈನ್ ಜಾರುತ್ತದೆ. ಮೂರು ನಾಲ್ಕು ಸಲ ಮಸೆದ ಮೇಲೆ ಗೇಜ್ ಪಟ್ಟಿ ಇಟ್ಟು ಚಪ್ಪಟೆ ಅರದಿಂದ ಗುಬ್ಬಿಯನ್ನು ಹಲ್ಲಿಗಿಂತ 0.6 ಎಂಎಂ ಕೆಳಗೆ ತನ್ನಿ. ಬೇಗ ಕೊಯ್ಯಲೆಂದು ಒಂದು ಎಂಎಂ ಇಳಿಸಿದವರುಂಟು. ಜಾಲಿಯಂಥ ಗಟ್ಟಿ ಕಟ್ಟಿಗೆಯಲ್ಲಿ ಅಂಥ ಚೈನ್ ಕಚ್ಚಿ ಎಗರಿ ಮುಖದ ಕಡೆ ಬರುತ್ತದೆ.

ಹೊಸ ಚೈನೂ ಬಲಕ್ಕೆ ಹೋಗುತ್ತಿದೆಯೆಂದರೆ ಬಾರನ್ನೂ ಅನುಮಾನಿಸಬೇಕು. ಚೈನ್ ತೆಗೆದು ಬಾರನ್ನು ಪಾಲಿಶ್ ಮಾಡಿದ ಇಳಕಲ್ ಗ್ರಾನೈಟ್ ಕಟ್ಟೆಯ ಮೇಲೋ ಗಾಜಿನ ಮೇಲೋ ಅದರ ಅಂಚಿನ ಮೇಲೆ ನಿಲ್ಲಿಸಿ. ಒಂದು ಕಡೆ ವಾಲಿದರೆ ಎರಡು ಹಳಿಗಳಲ್ಲಿ ಒಂದು ಸವೆದಿದೆ. ಚಪ್ಪಟೆ ಅರದಿಂದ ಸಮಮಾಡಬಹುದು. ಚೈನನ್ನು ಬಾರಿನ ಮೇಲೆ ಕೂರಿಸಿ ಪಕ್ಕಕ್ಕೆ ಒತ್ತಿದಾಗ ಅದು ಮಲಗಿದರೆ ಕಾಲುವೆ ಅಗಲವಾಗಿದೆ, ಬಾರ್ ಬದಲಿಸಬೇಕು. ಮಸೆದಾಗಲೆಲ್ಲ ಬಾರನ್ನು ಮೇಲೆ ಕೆಳಗೆ ಮಾಡಿ ಹಾಕಿದರೆ ಸವೆತ ಎರಡೂ ಅಂಚಿಗೆ ಹಂಚಿಹೋಗುತ್ತದೆ. ಸ್ಪ್ರಾಕೆಟ್ಟಿನಲ್ಲಿ ಅರ್ಧ ಎಂಎಂ ಆಳ ಗೀರು ಬಿದ್ದಿದ್ದರೆ ಅದನ್ನೂ ಬದಲಿಸಿ. ಸವೆದ ಸ್ಪ್ರಾಕೆಟ್ಟಿನ ಮೇಲೆ ಹೊಸ ಚೈನ್ ಬೇಗ ಜಗ್ಗುತ್ತದೆ.

ಸುಟ್ಟ ಆಯಿಲ್

ಬಾರಿನ ಹೊಗೆಗೆ ಕಾರಣ ಇದೇ. ಟ್ರ್ಯಾಕ್ಟರಿನಿಂದ ತೆಗೆದ ಆಯಿಲಿನಲ್ಲಿ ಲೋಹದ ಪುಡಿ, ಮಸಿ ಇರುತ್ತದೆ. ಮಸಿ ಆಯಿಲ್ ಪಂಪನ್ನು, ಬಾರಿನ ತೂತನ್ನು ಕಟ್ಟುತ್ತದೆ, ಲೋಹದ ಪುಡಿ ಬಾರನ್ನು ತಿನ್ನುತ್ತದೆ. ಅದಕ್ಕಿಂತ ದೊಡ್ಡ ಮಾತು ನಿಮ್ಮ ಮೈಯದು. ಚೈನಿನಿಂದ ಆ ಆಯಿಲ್ ಮಂಜಿನ ಹಾಗೆ ಹಾರಿ ಕೈಗೆ, ಮುಖಕ್ಕೆ, ಉಸಿರಿಗೆ ಬರುತ್ತದೆ. ಸುಟ್ಟ ಎಂಜಿನ್ ಆಯಿಲಿನಲ್ಲಿ ಚರ್ಮದ ಕ್ಯಾನ್ಸರ್ ತರಬಲ್ಲ ವಸ್ತುಗಳಿರುತ್ತವೆ. ಉಳಿಸಿದ ನೂರು ರೂಪಾಯಿಗೆ ಇದು ದುಬಾರಿ.

ಚೈನ್ ಆಯಿಲ್ ಎಂದೇ ಮಾರುವುದು ಜಿಗುಟಾಗಿರುತ್ತದೆ, ಚೈನಿನ ಮೇಲೆ ನಿಲ್ಲುತ್ತದೆ. ಸಿಗದಿದ್ದರೆ ಹೊಸ 20ಡಬ್ಲ್ಯು-40 ಎಂಜಿನ್ ಆಯಿಲ್ ನಡೆಯುತ್ತದೆ. ಅಡುಗೆ ಎಣ್ಣೆ ಹಾಕಬಹುದೇ ಎಂದು ಬಹಳ ಜನ ಕೇಳುತ್ತಾರೆ. ದಿನವೂ ಓಡಿಸುವುದಾದರೆ ಶೇಂಗಾ ಎಣ್ಣೆ ತಕ್ಕಮಟ್ಟಿಗೆ ನಡೆಯುತ್ತದೆ. ಕುಸುಬಿ ಎಣ್ಣೆ ಬೇಡ. ಅದು ಗಾಳಿಗೆ ಒಣಗಿ ಅಂಟಾಗುವ ಎಣ್ಣೆ, ಬಣ್ಣ ವಾರ್ನಿಶ್‌ಗೆ ಬಳಸುವ ಜಾತಿಯದು. ಹದಿನೈದು ದಿನ ನಿಂತರೆ ಚೈನಿನ ಕೊಂಡಿಗಳು ಸೆಟೆದು ನಿಲ್ಲುತ್ತವೆ.

ಬಾರಿನ ಆಯಿಲ್ ತೂತು, ಕಾಲುವೆ ಎರಡನ್ನೂ ಕೆರೆದು ಸ್ವಚ್ಛ ಮಾಡಿ. ಚಾಲೂ ಮಾಡಿ ಬಾರಿನ ತುದಿಯನ್ನು ಒಂದು ಗೇಣು ದೂರದಿಂದ ಬಿಳಿ ಕಾಗದದ ಕಡೆ ಹಿಡಿದು ರೇಸ್ ಕೊಟ್ಟರೆ ಆಯಿಲಿನ ಗೆರೆ ಮೂಡಬೇಕು. ಪೆಟ್ರೋಲ್ ಟಾಕಿ ಖಾಲಿಯಾಗುವ ಹೊತ್ತಿಗೆ ಆಯಿಲ್ ಟಾಕಿಯೂ ತಳ ಕಾಣುತ್ತಿರಬೇಕು. ಆಯಿಲ್ ಹಾಗೇ ಉಳಿದಿದ್ದರೆ ಬರುತ್ತಿಲ್ಲ ಎಂದರ್ಥ. ಬಿಸಿ ಚೈನ್ ಜೋತುಬೀಳುತ್ತದೆಂದು ಬಿಗಿ ಮಾಡಿದ್ದರೆ ಕೆಲಸ ಮುಗಿದ ಮೇಲೆ ಸಡಿಲಿಸಿ, ತಣ್ಣಗಾದಾಗ ಅದು ಕುಗ್ಗಿ ಕ್ರ್ಯಾಂಕಿನ ಬೇರಿಂಗನ್ನು ಎಳೆಯುತ್ತದೆ.

ರಿಪೇರಿಯೋ, ಹೊಸದೋ, ಕರೆಂಟಿನದೋ

ಪಿಸ್ಟನ್ ಸರಿಯಿದ್ದರೆ ರಿಪೇರಿಯೇ ಸರಿ. ಟಾಕಿಯ ಫಿಲ್ಟರ್, ಪೈಪು, ಡಯಾಫ್ರಮ್ ಕಿಟ್, ಪ್ಲಗ್, ಏರ್ ಫಿಲ್ಟರ್, ಅರ ಎಲ್ಲ ಕೂಡಿಸಿದರೂ ಹೊಸ ಗರಗಸದ ಬೆಲೆಯ ಸಣ್ಣ ಪಾಲು. ಪಿಸ್ಟನ್ ಗೀರಿ, ಕ್ರ್ಯಾಂಕಿನ ಸೀಲೂ ಹೋಗಿದ್ದರೆ ಲೆಕ್ಕ ತಲೆಕೆಳಗಾಗುತ್ತದೆ, ಆಗ ಹೊಸದು ನೋಡಿ. ಆದರೆ ಹೊಸದನ್ನೂ ಹೀಗೇ ನಡೆಸಿಕೊಂಡರೆ ಒಂದೂವರೆ ವರ್ಷಕ್ಕೆ ಮತ್ತೆ ಇದೇ ಪತ್ರ ಬರೆಯಬೇಕಾಗುತ್ತದೆ.

ಬಾರ್ ಬದಲಿಸುವ ಪ್ರಸಂಗ ಬಂದರೆ 22ರ ಬದಲು 18 ಇಂಚಿನದು ಹಾಕಿಸಿ. ಒಡ್ಡಿನ ಜಾಲಿಯ ಬೊಡ್ಡೆ ಒಂದೂವರೆ ಅಡಿ ದಾಟುವುದು ಅಪರೂಪ. ಬಾರ್ ಚಿಕ್ಕದಾದಷ್ಟೂ ಎಂಜಿನ್ನಿಗೆ ಹೊರೆ ಕಡಿಮೆ, ಮಸೆಯುವ ಹಲ್ಲು ಕಡಿಮೆ, ತುದಿ ನೆಲಕ್ಕೆ ತಾಗುವುದೂ ಕಡಿಮೆ.

ಕರೆಂಟಿನ ಗರಗಸ ಮನೆಯ ಹಿತ್ತಲಿನಲ್ಲಿ ತುಂಡು ಮಾಡಲು ಬಹಳ ಅನುಕೂಲ. ಪೆಟ್ರೋಲಿನ ರಗಳೆಯಿಲ್ಲ. 2000 ವ್ಯಾಟಿನದು 9 ಆಂಪಿಯರ್ ಹತ್ತಿರ ಎಳೆಯುತ್ತದೆ. 30 ಮೀಟರ್ ದೂರಕ್ಕೆ 2.5 ಚದರ ಎಂಎಂ ತಾಮ್ರದ ವೈರ್ ಬೇಕು. ಟಿವಿಗೆ ಹಾಕುವ ತೆಳು ವೈರ್ ಹಾಕಿದರೆ ವೋಲ್ಟೇಜ್ ಬಿದ್ದು ಮೋಟರ್ ಸುಡುತ್ತದೆ. ಹೊಲದ ಒಡ್ಡಿಗೆ ಅದು ಆಗದು, ಪಂಪ್‌ಸೆಟ್ಟಿನ ತ್ರೀಫೇಸ್ ಲೈನಿಗೆ ಸಿಕ್ಕಿಸುವ ಸಾಹಸವಂತೂ ಕೂಡದು. ಬ್ಯಾಟರಿಯ ಸಣ್ಣ ಗರಗಸ ಟೊಂಗೆ ಸವರಲು ಸಾಕು, ಜಾಲಿಯ ಬೊಡ್ಡೆಗೆ ಸಾಲದು.

ಇನ್ನು ಕೆಲವು ಮಾತು ಬೇಗ ಹೇಳುತ್ತೇನೆ. ಕೊಯ್ಯುವಾಗ ಹೆಗಲ ಮೇಲೆ ಟವೆಲ್ ಬೇಡ, ಧೋತರ ಲುಂಗಿ ಬೇಡ. ದಪ್ಪ ಪ್ಯಾಂಟು, ಬೂಟು, ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ ಇರಲಿ. ಬಾರಿನ ತುದಿಯ ಮೇಲರ್ಧ ಏನಕ್ಕೂ ತಾಗದಿರಲಿ, ಗರಗಸ ಹಿಂದಕ್ಕೆ ಎಗರುವುದು ಅಲ್ಲಿಂದಲೇ. ಹೆಗಲಿಗಿಂತ ಮೇಲಿನದನ್ನು ಕೊಯ್ಯಬೇಡಿ. ಬಾಗಿ ಬಿಗಿದ ಟೊಂಗೆಯನ್ನು ಮೊದಲು ಒಳಬಾಗಿನಲ್ಲಿ ಸ್ವಲ್ಪ ಕೊಯ್ದು, ಆಮೇಲೆ ಹೊರಗಿನಿಂದ ಮುಗಿಸಿ. ಪೆಟ್ರೋಲ್ ತುಂಬುವ ಮೊದಲು ಹತ್ತು ನಿಮಿಷ ತಣಿಯಲು ಬಿಡಿ, ತುಂಬಿದ ಜಾಗದಿಂದ ಹತ್ತು ಹೆಜ್ಜೆ ಆಚೆ ಬಂದು ಚಾಲೂ ಮಾಡಿ. ಕಣಿಕೆಯ ಬಣವಿ ಹತ್ತಿರವಂತೂ ಬೇಡ. ಗಿಡ ಕಡಿಯುವ ಮೊದಲು ವಲಯ ಅರಣ್ಯ ಅಧಿಕಾರಿಯ ಕಚೇರಿಯಲ್ಲಿ ಒಂದು ಮಾತು ಕೇಳಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಸ್ವಂತ ಹೊಲದ ಗಿಡಕ್ಕೂ ಅನ್ವಯಿಸುತ್ತದೆ.

ಜಾಲಿಯನ್ನು ಹಸಿಯಾಗಿದ್ದಾಗಲೇ ತುಂಡು ಮಾಡಿ, ಹಸಿಯಲ್ಲೇ ಸೀಳಿ. ಒಣಗಿದ ಮೇಲೆ ಕೊಡಲಿಗೂ ಚೈನಿಗೂ ಇಮ್ಮಡಿ ಕೆಲಸ. ಹಂಡೆಯ ಒಲೆಗೆ ಒಂದೂವರೆ ಅಡಿ, ರೊಟ್ಟಿ ಒಲೆಗೆ ಒಂದಡಿ ಸಾಕು. ನೆಲದಿಂದ ಒಂದು ಗೇಣು ಎತ್ತರಿಸಿ, ಗಾಳಿಯಾಡುವಂತೆ ಒಟ್ಟಿ, ಮೇಲೆ ಮಾತ್ರ ಮುಚ್ಚಿ. ಕರಿಜಾಲಿಯ ನೆಟ್ಟನೆಯ ತುಂಡು ಸಿಕ್ಕರೆ ಒಲೆಗೆ ಹಾಕಬೇಡಿ. ಎರಡೂ ತುದಿಗೆ ಸೆಗಣಿ ಬಳಿದು ನೆರಳಲ್ಲಿಡಿ. ತುದಿ ಸೀಳದೆ ನಿಧಾನ ಒಣಗುತ್ತದೆ, ಬಡಿಗೇರರ ಕೈಯಲ್ಲಿ ಗುದ್ದಲಿ ಕೊಡಲಿಗೆ ಒಳ್ಳೆಯ ಕಾವಾಗುತ್ತದೆ.

ಮುಂದಿನ ಮಳೆಗಾಲಕ್ಕೆ ಗರಗಸವನ್ನು ಎತ್ತಿಡುವ ದಿನ ಟಾಕಿ ಪೂರ್ತಿ ಬಗ್ಗಿಸಿ, ಚಾಲೂ ಮಾಡಿ ತಾನಾಗಿ ನಿಲ್ಲುವವರೆಗೆ ಓಡಿಸಿ. ಕಾರ್ಬೊರೇಟರಿನಲ್ಲಿ ಹನಿಯೂ ಉಳಿಯಬಾರದು. ತಣಿದ ಮೇಲೆ ಪ್ಲಗ್ ತೆಗೆದು 5 ಎಂಎಲ್ 2ಟಿ ಆಯಿಲ್ ಹಾಕಿ, ಹಗ್ಗವನ್ನು ನಾಲ್ಕೈದು ಸಲ ಮೆಲ್ಲಗೆ ಎಳೆದು, ಪ್ಲಗ್ ಮತ್ತೆ ಬಿಗಿಯಿರಿ. ಚೈನನ್ನು ಮಸೆದು ಆಯಿಲಿನ ಡಬ್ಬಿಯಲ್ಲಿ ಮುಳುಗಿಸಿಡಿ.